ಕಣ್ಣು ಮುಚ್ಚಿ ನಂಬೋದಾ, ಕಣ್ಣು ತೆರೆದು ನಂಬೋದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಬೇರೆ ಬೇರೆ ಜನ ಬರೆದಿದ್ರೂ, ಒಂದೇ ಕಡೆ ಬೊಟ್ಟು ಮಾಡ್ತಾ ಇದ್ವು. ಅದಕ್ಕೇ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನ ಮಾತ್ರ ತಗೊಂಡಿದೀನಿ.

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಹುಟ್ಟಿದಾಗಿಂದ ಚರ್ಚ್‌ಗೆ ಹೋಗೋ ಮನೆ ನಮ್ದು, ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ ವಚನಗಳು ಈಗ್ಲೂ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಈಗ ಕೆಲಸ ಡೇಟಾ ಜೊತೆ, ಪ್ರೂಫ್ ಇಲ್ದೆ ಏನನ್ನೂ ಒಪ್ಪಬೇಡ ಅನ್ನೋದೇ ನನ್ನ ದಿನದ ಪಾಠ. ಬೈಬಲ್ಲಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ 11ನೇ ಅಧ್ಯಾಯದ ಮೊದಲನೇ ವಚನ, ನಂಬಿಕೆ ಅಂದ್ರೆ ಕಣ್ಣಿಗೆ ಕಾಣದೆ ಇರೋದನ್ನ ನಿಜ ಅಂತ ತಿಳ್ಕೊಳ್ಳೋದು ಅನ್ನೋ ಮಾತು, ಈಗ ಓದಿದ್ರೆ ಕಸಿವಿಸಿ ಆಗುತ್ತೆ. ಫ್ರೆಂಡ್ಸ್ ಕೇಳ್ತಾರೆ, ಇದು ಕುರುಡು ನಂಬಿಕೆ ಅಲ್ವೇನೋ ಅಂತ. ಪ್ರಾರ್ಥನೆಗೆ ಕಣ್ಣು ಮುಚ್ಚಿದ್ರೆ ನನಗೆ ಕಾಣೋದು ಬರೀ ಕತ್ತಲೆ ಅಕ್ಕಾ. ಬೇರೆಯವರಿಗೆ ಏನೋ ಕಾಣುತ್ತಾ? ನನಗೆ ಮಾತ್ರ ಕಾಣ್ತಿಲ್ವಾ?

ಉತ್ತರ: ಮೊದಲು ಕೊನೇ ಪ್ರಶ್ನೆಗೆ ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಅದೇ ನಿಮ್ಮನ್ನ ಒಳಗೊಳಗೆ ತಿಂತಾ ಇದೆ ಅನ್ಸುತ್ತೆ. ಕಣ್ಣು ಮುಚ್ಚಿದ್ರೆ ನನಗೂ ಕತ್ತಲೆನೇ ಕಾಣೋದು. ನಲವತ್ತು ವರ್ಷದಿಂದ ಪ್ರಾರ್ಥನೆ ಮಾಡ್ತಿದೀನಿ, ಒಂದು ದಿನವೂ ರೆಪ್ಪೆ ಒಳಗೆ ಬೆಳಕು ಹತ್ತಿಕೊಂಡಿಲ್ಲ. ಆ ಭಯ ಬಿಡಿ.

ಈಗ ಆ ವಚನಕ್ಕೆ ಬರೋಣ. ಕಾಣದ್ದನ್ನ ನಿಜ ಅಂತ ತಿಳ್ಕೊಳ್ಳೋದು ಅಂತ ನಾವು ಓದೋ ಕಡೆ ಮೂಲ ಗ್ರೀಕಲ್ಲಿ ಇರೋ ಪದ ಎಲೆಂಖೋಸ್, ಅಂದ್ರೆ ಪುರಾವೆ, ಪರೀಕ್ಷೆ ಮಾಡಿ ಖಚಿತ ಮಾಡೋದು, ವಾದದಲ್ಲಿ ಎದುರಿನವರ ಮಾತನ್ನ ಜಾಲಾಡಿ ನಿಜ ಹೊರಗೆ ತೆಗೆಯೋದು. ಅದರ ಜೊತೆಗಿರೋ ಇನ್ನೊಂದು ಪದ ಹೈಪೋಸ್ಟಾಸಿಸ್, ಅದಕ್ಕೆ ಅಕ್ಷರಶಃ ಅರ್ಥ ಅಡಿಯಲ್ಲಿ ನಿಂತಿರೋದು, ಅಡಿಪಾಯ ಅನ್ನಿ. ಎರಡೂ ಗಟ್ಟಿ ಪದಗಳು, ಪುರಾವೆ ಇಲ್ದೆ ಇದ್ರೂ ಹೂಂ ಅನ್ನು ಅಂತ ಅವು ಹೇಳ್ತಾ ಇಲ್ಲ. ನಮ್ಮ ಕನ್ನಡದಲ್ಲೂ ನಂಬಿಕೆ ಅನ್ನೋದರ ಪಕ್ಕದಲ್ಲೇ ನಂಬಿಗಸ್ತ ಅನ್ನೋ ಮಾತಿದೆ ನೋಡಿ, ಬೈಬಲ್ಲಲ್ಲಿ ಪೌಲ ದೇವರನ್ನೇ ಹಾಗೆ ಕರೀತಾನೆ, ದೇವರು ನಂಬಿಗಸ್ತನು ಅಂತ. ಒಬ್ರನ್ನ ನಂಬಿಗಸ್ತರು ಅಂತ ಕಣ್ಣು ಮುಚ್ಕೊಂಡು ಹೇಳೋಕಾಗುತ್ತಾ? ವರ್ಷಗಟ್ಟಲೆ ಅವರ ಜೊತೆ ಒಡನಾಡಿ, ಕಷ್ಟದಲ್ಲಿ ನೋಡಿ, ಕೊಟ್ಟ ಮಾತು ಉಳಿಸ್ಕೊಂಡ್ರಾ ಇಲ್ವಾ ಅಂತ ತೂಗಿ ಆಮೇಲೆ ಬರೋ ಮಾತದು.

ನಾವು ಕಣ್ಣು ಮುಚ್ಚಿ ನಂಬ್ತೀನಿ ಅಂತ ದೊಡ್ಡ ಹೊಗಳಿಕೆ ಥರ ಹೇಳ್ತೀವಲ್ಲ, ಬೈಬಲ್ಲಲ್ಲಿ ನೋಡಿದ್ರೆ ಪೂರ್ತಿ ತಿರುಗಾಮುರುಗಾ, ಅಲ್ಲಿ ಎಷ್ಟೋ ಕಡೆ ದೇವರು ಬಂದಾಗ ಯಾರದೋ ಕಣ್ಣು ತೆರೆಯುತ್ತೆ. ನನಗೆ ತುಂಬ ಇಷ್ಟವಾದದ್ದು ಹಾಗರಳ ಕಥೆ. ಆದಿಕಾಂಡದಲ್ಲಿ ಬರ್ತಾಳೆ, ದಾಸಿ, ಮನೆಯಿಂದ ಹೊರಗೆ ಹಾಕಿಸ್ಕೊಂಡವಳು. ಬೇರ್ಷೆಬದ ಕಾಡಲ್ಲಿ ಚರ್ಮದ ಚೀಲದ ನೀರು ಖಾಲಿ, ಮಗ ಸಾಯೋದನ್ನ ನೋಡೋಕಾಗಲ್ಲ ಅಂತ ಅವನನ್ನ ಒಂದು ಗಿಡದ ಕೆಳಗೆ ಮಲಗಿಸಿ ಬಾಣ ಬಿಟ್ಟಷ್ಟು ದೂರ ಹೋಗಿ ಕೂತು ಜೋರಾಗಿ ಅಳ್ತಾಳೆ. ಆಮೇಲೆ ಏನಾಗುತ್ತೆ ಗಮನಿಸಿ. ಆಕಾಶದಿಂದ ಮಳೆ ಸುರಿಯಲ್ಲ, ಬಂಡೆ ಒಡೆದು ನೀರು ಚಿಮ್ಮಲ್ಲ. ದೇವರು ಅವಳ ಕಣ್ಣು ತೆರೆದ, ಅವಳು ನೀರಿನ ಬಾವಿ ಕಂಡಳು, ಅಷ್ಟೇ ಬರೆದಿರೋದು. ಬಾವಿ ಆಗ ಹೊಸದಾಗಿ ಬಂತು ಅಂತ ಎಲ್ಲೂ ಇಲ್ಲ. ಅದು ಅಲ್ಲೇ ಇತ್ತು ಅಂತ ನಾನು ಓದ್ಕೋತೀನಿ, ಕಣ್ಣೀರು ತುಂಬಿದ ಕಣ್ಣಿಗೆ ಕಾಣಿಸಿರಲಿಲ್ಲ. ಇದೇ ಹೆಂಗಸು ಅದಕ್ಕೂ ಹಿಂದೆ ಒಂದ್ಸಲ ಗರ್ಭಿಣಿ ಆಗಿದ್ದಾಗ ಓಡಿಹೋಗಿ ಕಾಡಲ್ಲಿ ಕೂತಿದ್ದಾಗ ದೇವರಿಗೆ ಒಂದು ಹೆಸರಿಟ್ಟಿರ್ತಾಳೆ, ನನ್ನನ್ನ ನೋಡೋ ದೇವರು ಅಂತ. ಹಾಗಾಗಿ ಕ್ರೈಸ್ತ ನಂಬಿಕೆಯಲ್ಲಿ ನಾನು ದೇವರನ್ನ ಕಾಣೋದು ಎರಡನೇದು, ಆತ ನನ್ನನ್ನ ಕಂಡಿದಾನೆ ಅನ್ನೋದು ಮೊದಲನೇದು, ಈ ಕ್ರಮ ತಪ್ಪಿಹೋದ್ರೆ ನಿಮ್ಮ ಥರ ನನಗ್ಯಾಕೆ ಕಾಣ್ತಿಲ್ಲ ಅಂತ ಒದ್ದಾಟ ಶುರುವಾಗುತ್ತೆ.

ಎರಡನೇ ಅರಸುಗಳು 6ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಷನ ಸೇವಕನ ಕಥೆ ನಿಮಗೆ ಗೊತ್ತೇ ಇರುತ್ತೆ. ಬೆಳಿಗ್ಗೆ ಎದ್ದು ಹೊರಗೆ ಬಂದ್ರೆ ದೋತಾನ್ ಊರಿನ ಸುತ್ತ ಅರಾಮ್ಯರ ಸೈನ್ಯ, ಕುದುರೆ, ರಥ. ಅಯ್ಯೋ ಏನ್ ಮಾಡೋಣ ಸ್ವಾಮಿ ಅಂತಾನೆ. ಎಲೀಷ ಪ್ರಾರ್ಥನೆ ಮಾಡಿದ ಮೇಲೆ ಅವನಿಗೆ ಬೆಟ್ಟದ ತುಂಬ ಅಗ್ನಿಮಯವಾದ ರಥಗಳು ಕಾಣ್ತವೆ. ಸಂಡೇ ಸ್ಕೂಲಲ್ಲಿ ಕಥೆ ಅಲ್ಲಿಗೇ ನಿಲ್ಲಿಸ್ತಾರೆ, ಆದ್ರೆ ಅದರ ಅಂತ್ಯ ಬೇರೆ. ಆ ಶತ್ರು ಸೈನ್ಯ ಕೊನೆಗೆ ಸಮಾರ್ಯದಲ್ಲಿ ಇಸ್ರಾಯೇಲರ ಕೈಗೆ ಸಿಕ್ಕಿಬೀಳುತ್ತೆ, ಕೊಂದುಬಿಡ್ಲಾ ಅಂತ ರಾಜ ಕೇಳ್ತಾನೆ, ಎಲೀಷ ಬೇಡ, ಊಟ ಹಾಕಿ ಕಳಿಸು ಅಂತಾನೆ. ದೊಡ್ಡ ಔತಣ ಮಾಡಿ ಕಳಿಸ್ತಾರೆ. ಬೆಟ್ಟದ ಮೇಲಿನ ರಥಗಳನ್ನ ಕಂಡವನಿಗೆ ಎದುರಿಗಿರೋ ಸೈನಿಕನ ಮೇಲೆ ಭಯ ಇರಲ್ಲ, ಭಯ ಇಲ್ದೆ ಇದ್ರೆ ಅವನೂ ಹಸಿದ ಮನುಷ್ಯನ ಥರನೇ ಕಾಣ್ತಾನೆ. ನನ್ನ ಪ್ರಕಾರ ಆ ಅಧ್ಯಾಯದ ದೊಡ್ಡ ನೋಟ ಬೆಂಕಿ ರಥ ಅಲ್ಲವೇ ಅಲ್ಲ, ಆ ಊಟ.

ಪ್ರೂಫ್ ವಿಷಯ. ಉತ್ತರ ಆಫ್ರಿಕಾದಲ್ಲಿ ಹಿಪ್ಪೋ ಅನ್ನೋ ಊರಲ್ಲಿ ಬಿಷಪ್ ಆಗಿದ್ದ, 430ರಲ್ಲಿ ತೀರಿಕೊಂಡ ಆಗಸ್ಟೀನ್, ಕಾಣದ ವಿಷಯಗಳನ್ನ ನಂಬೋದರ ಬಗ್ಗೆನೇ ಒಂದು ಚಿಕ್ಕ ಬರಹ ಬರೆದಿದಾನೆ. ನಿಮ್ಮ ಫ್ರೆಂಡ್ಸ್ ಕೇಳಿದ ಪ್ರಶ್ನೆ ಆ ಕಾಲದಲ್ಲೂ ಜನ ಕೇಳ್ತಿದ್ರು. ಅವನ ಉತ್ತರ ತುಂಬ ಸರಳ, ನಿನ್ನ ಸ್ನೇಹಿತನಿಗೆ ನಿನ್ನ ಮೇಲೆ ಒಳ್ಳೆ ಮನಸ್ಸಿದೆ ಅಂತ ನಂಬ್ತೀಯಲ್ಲ, ಆ ಮನಸ್ಸನ್ನ ಯಾವ ಕಣ್ಣಿಂದ ನೋಡಿದೆ? ಅವನ ಮುಖ ಕಾಣುತ್ತೆ, ಮಾತು ಕೇಳಿಸುತ್ತೆ, ಮನಸ್ಸು ಕಾಣಲ್ಲ. ಅವನನ್ನ ಪರೀಕ್ಷೆ ಮಾಡೋಕೆ ನೀನು ಅಪಾಯಕ್ಕೆ ಇಳೀಬೇಕಾದ್ರೂ ಮೊದಲು ಅವನನ್ನ ನಂಬಿರ್ಲೇಬೇಕು. ಇದನ್ನ ದೇವರಿದಾನೆ ಅನ್ನೋದಕ್ಕೆ ಪ್ರೂಫ್ ಅಂತ ನಾನು ಕೊಡ್ತಿಲ್ಲ. ಆದ್ರೆ ಕಾಣಲ್ಲ ಹಾಗಾಗಿ ಇಲ್ಲ ಅನ್ನೋ ಲೆಕ್ಕದಲ್ಲಿ ಯಾರೂ ಒಂದು ದಿನವೂ ಬದುಕಿಲ್ಲ, ನಿಮ್ಮ ಫ್ರೆಂಡ್ಸೂ ಬದುಕಿಲ್ಲ.

ಇನ್ನು ಯೇಸುವಿನ ಶಿಷ್ಯ ತೋಮ. ಪಾಪ, ಎರಡು ಸಾವಿರ ವರ್ಷದಿಂದ ಅವನನ್ನ ಸಂದೇಹದ ತೋಮ ಅಂತಾನೇ ಕರೀತಿದೀವಿ. ಶಿಲುಬೆ ಮೇಲೆ ಸತ್ತ ಯೇಸು ಎದ್ದು ಬಂದಿದಾನೆ ಅಂತ ಉಳಿದ ಶಿಷ್ಯರು ಹೇಳಿದಾಗ, ಮೊಳೆ ಹೊಡೆದ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬಲ್ಲ ಅಂದ. ಎಂಟು ದಿನ ಆದ್ಮೇಲೆ ಯೇಸು ಮತ್ತೆ ಬಂದು ಅವನಿಗೆ ಹೇಳಿದ್ದು ಏನು? ಬೆರಳು ತಾ, ಇಲ್ಲಿಡು, ಕೈಗಳನ್ನ ನೋಡು. ಪ್ರೂಫ್ ಕೇಳಿದವನನ್ನ ಹೊರಗೆ ಹಾಕ್ಲಿಲ್ಲ, ಅವನಿಗೋಸ್ಕರನೇ ಮತ್ತೆ ಬಂದ ಅನ್ನೋ ಹಾಗಿದೆ. ತೋಮ ನಿಜವಾಗ್ಲೂ ಬೆರಳಿಟ್ಟ ಅಂತ ಈ ಕಥೆ ಇರೋ ಯೋಹಾನನ ಸುವಾರ್ತೇಲಿ ಬರೆದಿಲ್ಲ, ನನ್ನ ಕರ್ತನೇ ನನ್ನ ದೇವರೇ ಅಂದ ಅಂತಷ್ಟೇ ಇದೆ. ಗಮನಿಸಿ, ಅವನು ನೋಡಿದ್ದು ಗಾಯ ಆಗಿರೋ ಒಬ್ಬ ಮನುಷ್ಯನನ್ನ, ಬಾಯಿಂದ ಬಂದದ್ದು ದೇವರೇ ಅನ್ನೋ ಮಾತು. ಕಣ್ಣು ಮುಂದಿದ್ದದ್ದನ್ನೇ ನೋಡಿತು, ಆದ್ರೆ ಅಲ್ಲಿಗೇ ನಿಲ್ಲಲಿಲ್ಲ. ಕಾಣದೆ ನಂಬಿದವರು ಧನ್ಯರು ಅಂತ ಯೇಸು ಆಮೇಲೆ ಹೇಳಿದ್ದು, ಅದನ್ನ ತೋಮನಿಗೆ ಬೈದ ಹಾಗೆ ಓದ್ಬೇಡಿ, ಆ ಕೋಣೇಲಿ ಇರೋಕಾಗದ ನಮ್ಮಂಥವರನ್ನ ನೆನೆದು ಹೇಳಿದ ಮಾತದು.

ನಿಮ್ಮ ಡೇಟಾ ಕೆಲಸ ಬಿಡಬೇಕಾಗಿಲ್ಲ, ಪ್ರಶ್ನೆ ಕೇಳೋದೂ ಬಿಡಬೇಡಿ. ಒಂದೇ ಒಂದು ಮಾಡಿ ನೋಡಿ, ಪ್ರಾರ್ಥನೆ ಮಾಡುವಾಗ ಕೆಲವು ದಿನ ಕಣ್ಣು ತೆರೆದಿಡಿ. ಎದುರಿಗೆ ಗೋಡೆ ಇದ್ರೆ ಗೋಡೆ, ಕಿಟಕಿ ಇದ್ರೆ ಕಿಟಕಿ, ಮಲಗಿರೋ ಅಮ್ಮ ಇದ್ರೆ ಅಮ್ಮ. ಅದನ್ನೇ ನೋಡ್ತಾ ಮಾತಾಡಿ. ಕಣ್ಣು ಮುಚ್ಚಲೇಬೇಕು ಅಂತ ಬೈಬಲ್ಲಲ್ಲಿ ಯಾವ ಆಜ್ಞೆನೂ ಇಲ್ಲ, ಐದು ರೊಟ್ಟಿ ಕೈಲಿ ಹಿಡ್ಕೊಂಡಾಗ ಯೇಸು ಆಕಾಶದ ಕಡೆ ನೋಡ್ತಾ ಸ್ತೋತ್ರ ಮಾಡಿದ್ದು.

ಪ್ರಶ್ನೆ: ನಮ್ಮ ಪ್ರಾರ್ಥನಾ ಗುಂಪಲ್ಲಿ ಒಬ್ರು ತಮಗೆ ದರ್ಶನ ಆಗುತ್ತೆ ಅಂತಾರೆ. ನಿಮ್ಮ ಮಗಳ ಮೇಲೆ ಕಪ್ಪು ನೆರಳು ಕಂಡೆ, ಅದು ಹೋಗ್ಬೇಕಂದ್ರೆ ವಿಶೇಷ ಕಾಣಿಕೆ ಕೊಡಿ ಅಂದ್ರು. ಕಾಣದ್ದನ್ನ ಕಾಣೋರು ಅವರೇ ತಾನೆ, ಸಂದೇಹ ಪಟ್ರೆ ಪಾಪ ಆಗುತ್ತಾ ಮೇಡಂ?

ಉತ್ತರ: ಆಗಲ್ಲ. ಸಂದೇಹ ಪಡಲೇಬೇಕು. ಎಲ್ಲಾ ಆತ್ಮಗಳನ್ನ ನಂಬಬೇಡಿ, ದೇವರಿಂದ ಬಂದದ್ದಾ ಅಂತ ಪರೀಕ್ಷಿಸಿ ಅಂತ ಯೋಹಾನನ ಮೊದಲನೇ ಪತ್ರಿಕೆಯ 4ನೇ ಅಧ್ಯಾಯ ನೇರವಾಗಿ ಹೇಳುತ್ತೆ. ಪೌಲನಿಗೆ ದೊಡ್ಡ ದರ್ಶನ ಆಗಿತ್ತು, ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೇಲಿ ಅದರ ಮಾತೆತ್ತೋದು 14 ವರ್ಷ ಆದ್ಮೇಲೆ, ಅದೂ ಯಾರೋ ಒಬ್ಬನಿಗಾಯ್ತು ಅನ್ನೋ ಹಾಗೆ, ಏನು ಕೇಳಿಸ್ಕೊಂಡೆ ಅಂತ ಹೇಳೋದೇ ಇಲ್ಲ, ಬದಲಿಗೆ ತನ್ನ ಶರೀರದಲ್ಲಿದ್ದ ಮುಳ್ಳಿನ ಬಗ್ಗೆ, ಅಂದ್ರೆ ತನ್ನನ್ನ ಕಾಡ್ತಿದ್ದ ಒಂದು ಬಾಧೆ ಬಗ್ಗೆ ಹೇಳ್ತಾನೆ. ದರ್ಶನ ಕಂಡವರ ಲಕ್ಷಣ ಅದು. ಹೆದರಿಸಿ ದುಡ್ಡು ಕೇಳೋದಿದ್ರೆ ಒಂದು ರೂಪಾಯಿನೂ ಕೊಡಬೇಡಿ, ನಿಮ್ಮ ಮಗಳ ಕಿವಿಗೆ ಆ ನೆರಳಿನ ಮಾತು ಬೀಳದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ಗಂಡ ಹೋಗಿ ಹತ್ತು ತಿಂಗಳಾಯ್ತು. ಕ್ಯಾನ್ಸರ್. ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದ್ರು, ನಾನೂ ಮಾಡಿದೆ. ಹೋದಮೇಲೆ ಒಬ್ರು ಹಿರಿಯರು ನನ್ನ ಹತ್ರ ಬಂದು, ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದಿದ್ರೂ ಸಾಕಾಗಿತ್ತಮ್ಮಾ ಅಂದ್ರು. ಆವತ್ತಿಂದ ಚರ್ಚ್ ಕಡೆ ಹೋಗಿಲ್ಲ. ದೇವರು ಇದಾನೋ ಇಲ್ವೋ ಅನ್ನೋದಕ್ಕಿಂತ, ನನ್ನಿಂದಲೇ ಅವರು ಹೋದ್ರಾ ಅನ್ನೋದೇ ರಾತ್ರಿಯೆಲ್ಲ ಕೊರೀತಿರುತ್ತೆ.

ಉತ್ತರ: ತಂಗೀ, ನೀನು ಅಂತಾನೇ ಕರೀತೀನಿ, ಬೇಜಾರಿಲ್ಲ ತಾನೆ. ಇಲ್ಲ, ನಿನ್ನಿಂದ ಅಲ್ಲ. ಈ ಪತ್ರದಲ್ಲಿ ಬೇರೇನೂ ಓದೋಕಾಗ್ಲಿಲ್ಲ ಅಂದ್ರೆ ಇಷ್ಟು ಓದಿ ಮಡಚಿಡು.

ನನಗೂ ಈ ಮಾತು ಯಾರೋ ಹೇಳಿದ್ರು, ಅದಕ್ಕೇ ಗೊತ್ತು. ನಮ್ಮಪ್ಪ ಹಾಸಿಗೆ ಹಿಡಿದಾಗ ನನಗೆ ಇಪ್ಪತ್ತಮೂರು. ಪ್ರಾರ್ಥನೆಗೆ ಬಂದವರಲ್ಲಿ ಒಬ್ರು ಹೋಗುವಾಗ ಬಾಗಿಲಲ್ಲಿ ನಿಂತು, ಈ ಮನೇಲಿ ಯಾರಿಗೋ ಸಂದೇಹ ಇದೆ, ಅದಕ್ಕೇ ಗುಣ ಆಗ್ತಿಲ್ಲ ಅಂದ್ರು. ಸಂದೇಹ ಇದ್ದದ್ದು ನನಗೇ. ಅಪ್ಪ ಹೋದ ಮೇಲೆ ಎಷ್ಟೋ ವರ್ಷ ನಾನೇ ಕೊಂದೆ ಅನ್ನೋ ಹಾಗೆ ಬದುಕಿದೆ, ಯಾರಿಗೂ ಹೇಳ್ಲಿಲ್ಲ.

ಅಪ್ಪನಿಗೆ ಬೈಬಲ್ ಓದುವಾಗ ಸಾಲಿನ ಕೆಳಗೆ ಬೆರಳು ಓಡಿಸೋ ಅಭ್ಯಾಸ ಇತ್ತು. ಕೊನೇ ವಾರ ಅವರಿಗೆ ಏನೂ ಕಾಣ್ತಿರಲಿಲ್ಲ, ಯಾರು ಬಂದ್ರು ಅಂತಾನೂ ಗೊತ್ತಾಗ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು 23ನೇ ಕೀರ್ತನೆ ನಿಧಾನಕ್ಕೆ ಹೇಳ್ತಿದ್ದೆ. ಹೇಳ್ತಾ ಹೇಳ್ತಾ ನೋಡ್ತೀನಿ, ಅವರ ತೋರುಬೆರಳು ಬೆಡ್‌ಶೀಟ್ ಮೇಲೆ ಎಡದಿಂದ ಬಲಕ್ಕೆ ಓಡ್ತಾ ಇದೆ, ನಾನು ಒಂದು ಸಾಲು ಮುಗಿಸಿ ಉಸಿರು ತಗೊಂಡ್ರೆ ಬೆರಳು ವಾಪಸ್ ಎಡಕ್ಕೆ ಬಂದು ಸ್ವಲ್ಪ ಕೆಳಗಿಂದ ಮತ್ತೆ ಶುರು. ಏನೂ ಬರೆದಿರದ ಬಿಳೀ ಬಟ್ಟೆ ಅದು.

ಆ ಕೀರ್ತನೇಲಿ ಒಂದು ವಿಷಯ ನನಗೆ ಆಮೇಲೆ ಗೊತ್ತಾಯ್ತು, ಗೊತ್ತಾದ ದಿನ ತುಂಬ ಅತ್ತೆ. ಮೊದಲ ಮೂರು ವಚನದಲ್ಲಿ ದೇವರ ಬಗ್ಗೆ ಮಾತಾಡೋದು ಆತನು ಅಂತ. ಆತನು ಹುಲ್ಲುಗಾವಲಲ್ಲಿ ತಂಗಿಸ್ತಾನೆ, ನೀರಿನ ಹತ್ತಿರ ಕರ್ಕೊಂಡು ಹೋಗ್ತಾನೆ. ನಾಲ್ಕನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತೆ, ಅಲ್ಲಿಂದ ಮಾತು ಬದಲಾಗುತ್ತೆ, ನೀನು ನನ್ನ ಹತ್ತಿರ ಇದೀಯಲ್ಲ ಅಂತ. ಹುಲ್ಲು, ನೀರು ಎಲ್ಲ ಕಣ್ಣಿಗೆ ಕಾಣ್ತಿರುವಾಗ ಆತನು, ಏನೂ ಕಾಣದೆ ಹೋದಾಗ ನೀನು. ಅಪ್ಪನ ಬೆರಳು ಎಲ್ಲಿ ಓಡ್ತಿತ್ತು ಅಂತ ನನಗೆ ಆಗ ಅರ್ಥ ಆಯ್ತು ಅನ್ಸುತ್ತೆ.

ನಂಬಿಕೆ ಇದ್ದಿದ್ರೆ ಗುಣ ಆಗ್ತಿತ್ತು ಅನ್ನೋರು ಅದೇ ಇಬ್ರಿಯ 11ನ್ನ ಕೊನೇವರೆಗೂ ಓದಲಿ. 34ನೇ ವಚನದಲ್ಲಿ ಕೆಲವರು ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡರು ಅಂತಿದೆ, ಮೂರೇ ವಚನ ಬಿಟ್ಟು 37ರಲ್ಲಿ ಕೆಲವರು ಕತ್ತಿಯಿಂದ ಹತರಾದರು ಅಂತಿದೆ. ಇಬ್ಬರಿಗೂ ಅದೇ ಅಧ್ಯಾಯ ಒಂದೇ ಸಾಕ್ಷಿ ಕೊಡುತ್ತೆ, ಇವರೆಲ್ಲರೂ ನಂಬಿದವರು ಅಂತ. ಉಳಿದವರ ನಂಬಿಕೆ ಜಾಸ್ತಿ, ಸತ್ತವರದ್ದು ಕಮ್ಮಿ ಅಂತ ಅಲ್ಲಿಲ್ಲ. ಇನ್ನು ಮಗನಿಗೆ ಹುಷಾರಿಲ್ಲದ ಒಬ್ಬ ತಂದೆ ಮಾರ್ಕನ ಸುವಾರ್ತೆ 9ರಲ್ಲಿ ಬರ್ತಾನಲ್ಲ, ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಲ್ಲಿ ಎರಡನ್ನೂ ಕೂಗಿದವನು, ಯೇಸು ಅವನಿಗೆ ಹೋಗಿ ಪೂರ್ತಿ ನಂಬಿಕೆ ತಗೊಂಡು ಬಾ ಅನ್ನಲಿಲ್ಲ.

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತೇ ಬೆಚ್ಚಿಬಿತ್ತು. ಹೆಚ್ಚುಕಮ್ಮಿ ಐವತ್ತು ವರ್ಷ ಅವರಿಗೆ ಪ್ರಾರ್ಥನೇಲಿ ದೇವರು ಇದಾನೆ ಅನ್ನೋ ಅನುಭವವೇ ಆಗ್ತಿರಲಿಲ್ಲ, ಒಳಗೆಲ್ಲ ಕತ್ತಲೆ ಅಂತ ಬರೆದಿದ್ರು. ಅದೇ ವರ್ಷಗಳಲ್ಲಿ ರಸ್ತೇಲಿ ಬಿದ್ದು ಸಾಯ್ತಿದ್ದವರನ್ನ ಎತ್ತಿಕೊಂಡು ಬಂದು ತೊಳೆದು ಮಲಗಿಸ್ತಿದ್ರು, ಅವರಲ್ಲಿ ಕ್ರಿಸ್ತನನ್ನ ಮುಟ್ತಾ ಇದೀನಿ ಅಂತಿದ್ರು. ಅವರ ಕಪಟ ಬಯಲಾಯ್ತು ಅಂತ ಕೆಲವರು ಬರೆದ್ರು. ನನಗೆ ಹಾಗನ್ಸಲ್ಲ. ಅನುಭವ ನಿಂತುಹೋದ ಮೇಲೂ ಕೈ ನಿಲ್ಲಲಿಲ್ಲ, ಇಷ್ಟು ಸಾಕು ನನಗೆ.

ಚರ್ಚ್‌ಗೆ ಹೋಗು ಅಂತ ನಾನು ಒತ್ತಾಯ ಮಾಡಲ್ಲ. ಆ ಹಿರಿಯರ ಮಾತನ್ನ ಮಾತ್ರ ದೇವರ ಮಾತು ಅಂತ ಹೊತ್ಕೊಂಡು ತಿರುಗಬೇಡ. ಸ್ನೇಹಿತ ಲಾಜರನ ಸಮಾಧಿ ಹತ್ರ ಯೇಸು ಕಣ್ಣೀರು ಬಿಟ್ಟ ಅಂತಿದೆ, ಅವನ ಸೋದರಿಯರಾದ ಮಾರ್ಥಾ, ಮರಿಯಳಿಗೆ ನಿಮ್ಮ ನಂಬಿಕೆ ಸಾಲಲಿಲ್ಲ ಅಂದ ಅಂತ ಇಲ್ಲ. ರಾತ್ರಿ ನಿದ್ದೆ ಬರದೆ ಇದ್ರೆ ಬರೀ, ಈ ಅಂಕಣಕ್ಕೆ ಅಂತ ಬೇಡ, ನನಗೇ ಬರೀ, ಪತ್ರಿಕೆಯವರು ಕಳಿಸ್ತಾರೆ.

ಪ್ರಶ್ನೆ: ನನಗೆ 61. ಯೇಸುವನ್ನ ಒಪ್ಪಿಕೊಂಡು ಮೂವತ್ತು ವರ್ಷವಾಯ್ತು, ದಿನಾ ಬೈಬಲ್ ಓದ್ತೀನಿ. ಆದ್ರೆ ನಮ್ಮ ಓರಗಿತ್ತಿಯನ್ನ ಕಂಡ್ರೆ ಇವತ್ತಿಗೂ ಆಗಲ್ಲ. ಅವಳು ಮಾಡಿದ್ದೆಲ್ಲ ಬರೆದ್ರೆ ನಿಮ್ಮ ಪುಟ ಸಾಲಲ್ಲ. ಇಷ್ಟು ವರ್ಷ ನಂಬಿನೂ ಹೀಗಿದೀನಿ ಅಂದ್ರೆ ನನ್ನ ನಂಬಿಕೆ ಸುಳ್ಳಾ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲೇ ಒಂದು ಮಾತು ನನ್ನನ್ನ ಹಿಡಿದು ನಿಲ್ಲಿಸ್ತು. ಕಂಡ್ರೆ ಆಗಲ್ಲ. ಕನ್ನಡದಲ್ಲಿ ನಾವು ಪ್ರೀತೀನೂ ದ್ವೇಷಾನೂ ಕಾಣೋದರ ಮೇಲೇ ಹೇಳೋದು ನೋಡಿ, ಮೊಮ್ಮಗನ ಕಂಡ್ರೆ ಪ್ರಾಣ, ಅವಳ ಕಂಡ್ರೆ ಆಗಲ್ಲ. ಮನುಷ್ಯರನ್ನ ಹೇಗೆ ಕಾಣ್ತೀವಿ ಅನ್ನೋದೇ ಪ್ರೀತಿ ಅಂತ ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತೇನೋ.

ಮಾರ್ಕನ ಸುವಾರ್ತೆ 8ರಲ್ಲಿ ಬೇತ್ಸಾಯಿದದ ಕುರುಡ ಇದಾನಲ್ಲ, ಯೇಸು ಅವನ ಕಣ್ಣು ಮುಟ್ಟಿ, ಏನಾದ್ರೂ ಕಾಣುತ್ತಾ ಅಂತ ಕೇಳ್ತಾನೆ. ಅವನು ನಿಜ ಹೇಳ್ತಾನೆ, ಜನ ಕಾಣ್ತಾರೆ, ಆದ್ರೆ ನಡೆದಾಡೋ ಮರಗಳ ಹಾಗೆ ಕಾಣ್ತಾರೆ ಅಂತ. ಯೇಸು ಮತ್ತೆ ಕೈ ಇಡ್ತಾನೆ, ಆಮೇಲೆ ಎಲ್ಲ ಸ್ಪಷ್ಟ. ಒಂದೇ ಸಲಕ್ಕೆ ಯಾಕಾಗಲಿಲ್ಲ ಅಂತ ಪಂಡಿತರು ಬೇಕಾದಷ್ಟು ಬರೆದಿದಾರೆ, ನನಗೆ ಮಾತ್ರ ಅದರಲ್ಲಿ ದೊಡ್ಡ ಸಮಾಧಾನ ಸಿಗುತ್ತೆ.

ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್ ಗೊತ್ತಲ್ಲ, ಕುರುಡನಾಗಿದ್ದೆ ಈಗ ಕಾಣ್ತೀನಿ ಅಂತ ಅದರಲ್ಲಿ ಬರುತ್ತೆ. 1748ರಲ್ಲಿ ಸಮುದ್ರದ ಬಿರುಗಾಳೀಲಿ ಸಿಕ್ಕಿಹಾಕ್ಕೊಂಡು ದೇವರ ಕಡೆ ತಿರುಗಿದ. ಆದ್ರೆ ಅದಾದ ಮೇಲೇ ಅವನು ಗುಲಾಮರನ್ನ ಸಾಗಿಸೋ ಹಡಗುಗಳ ಕ್ಯಾಪ್ಟನ್ ಆಗಿದ್ದು. ಮೇಲೆ ಡೆಕ್‌ನಲ್ಲಿ ಪ್ರಾರ್ಥನೆ, ಕೆಳಗೆ ಸರಪಳಿ ಹಾಕಿದ ಮನುಷ್ಯರು, ಅವನಿಗೆ ಅವರು ಮನುಷ್ಯರ ಹಾಗೆ ಕಾಣಲಿಲ್ಲ. 1754ರಲ್ಲಿ ಆ ಕೆಲಸ ಬಿಟ್ಟದ್ದೂ ಆರೋಗ್ಯ ಕೆಟ್ಟಿದ್ದಕ್ಕೆ. 34 ವರ್ಷ ಆದ್ಮೇಲೆ, 1788ರಲ್ಲಿ, ಆ ವ್ಯಾಪಾರದ ವಿರುದ್ಧ ಒಂದು ಪುಸ್ತಿಕೆ ಬರೆದು ತನ್ನ ಕೈಯಿಂದ ಆದದ್ದನ್ನೆಲ್ಲ ಒಪ್ಪಿಕೊಂಡ. ಬ್ರಿಟನ್ನು ಗುಲಾಮರ ವ್ಯಾಪಾರ ನಿಲ್ಲಿಸೋ ಕಾನೂನು ಮಾಡಿದ್ದು 1807ರಲ್ಲಿ, ಅದೇ ವರ್ಷ ಅವನು ತೀರಿಕೊಂಡ. ಇಷ್ಟು ತಡವಾಗಿದ್ದಕ್ಕೆ ನಾನು ಅವನನ್ನ ಸಮರ್ಥಿಸಲ್ಲ, ಅಷ್ಟು ವರ್ಷ ಸರಪಳೀಲಿ ಇದ್ದವರು ಅವನ ಕಣ್ಣು ತೆರೆಯೋವರೆಗೂ ಕಾಯೋಕಾಗಲಿಲ್ಲ. ಆದ್ರೆ ಅವನ ಮೊದಲಿನ ನಂಬಿಕೆ ಸುಳ್ಳು ಅಂತಾನೂ ಹೇಳಲ್ಲ. ಅರ್ಧ ಕಂಡಿದ್ದ.

ನಿಮ್ಮ ಓರಗಿತ್ತಿ ನಿಮಗೆ ಇನ್ನೂ ನಡೆದಾಡೋ ಮರ. ಬೇಗ ಕ್ಷಮಿಸಿಬಿಡಿ ಅಂತ ನಾನು ಹೇಳಲ್ಲ, ಆಕೆ ಮಾಡಿದ್ದು ನಿಜವಾಗ್ಲೂ ನೋವಾಗೋ ಅಂಥದ್ದೇ ಇರಬಹುದು, ಅದನ್ನ ಆಗೇ ಇಲ್ಲ ಅಂದ್ಕೊಳ್ಳೋದು ಮತ್ತೆ ಕಣ್ಣು ಮುಚ್ಚಿಕೊಳ್ಳೋದೇ ಆಯ್ತು. ಬೆಳಿಗ್ಗೆ ಬೈಬಲ್ ಓದಿ ಆದ್ಮೇಲೆ, ಆಕೆಯನ್ನ ಒಳ್ಳೆಯವಳು ಮಾಡು ಅಂತ ಕೇಳೋ ಬದಲು, ನೀನು ಅವಳನ್ನ ಕಾಣೋ ಹಾಗೆ ಒಂದು ಸಣ್ಣ ವಿಷಯ ನನಗೂ ತೋರಿಸು ಅಂತ ಕೇಳಿ. ಮುಂದಿನ ಸಲ ಸಿಕ್ಕಾಗ ಆಕೆಯ ಕೈ ನೋಡಿ. ಮುಖ ಬೇಡ, ಮುಖ ನೋಡಿದ್ರೆ ಹಳೇದೆಲ್ಲ ಎದ್ದು ಬರುತ್ತೆ. ಕೈ ನೋಡಿ, ವಯಸ್ಸಾಗಿದೆಯಾ, ನಡುಗ್ತಾ ಇದೆಯಾ, ಬೆರಳಲ್ಲಿ ಹಳೇ ಗಾಯ ಏನಾದ್ರೂ ಇದೆಯಾ ಅಂತ. ಏನು ಕಂಡ್ರಿ ಅಂತ ನನಗೆ ಬರೀರಿ, ಏನೂ ಕಾಣಲಿಲ್ಲ ಅಂದ್ರೂ ಬರೀರಿ.